ಯೋಧಮುನಿಯ ವೇಳಾಪಟ್ಟಿ

ಕುರ್ಚಿಯೊಂದು ಖಾಲಿ ಇದೆ, ಬನ್ನಿ ಎಂದು ಕರೆದರೆ ಸಾಮಾನ್ಯ ಮನುಷ್ಯರು ಹೋಗಿ ಕೂರುತ್ತಾರೆ. ನಮ್ಮ ಮೇಷ್ಟ್ರು ಮನೆಗೆ ಬಂದು ನೂರು ಪುಟದ ನೋಟುಬುಕ್ಕಿಗೆ ಅಂಚುಗೆರೆ ಎಳೆದರು.

ಅವರನ್ನು ದೂರಿ ಫಲವಿಲ್ಲ. ಮೂವತ್ತೊಂದು ವರ್ಷ ಶಾಲೆಯ ವೇಳಾಪಟ್ಟಿ ಹಾಕಿದ ಕೈ ಅದು. ಇಪ್ಪತ್ತೆರಡು ಮಂದಿ ಶಿಕ್ಷಕರನ್ನು ಒಬ್ಬರ ಮೇಲೊಬ್ಬರು ಬೀಳದಂತೆ ಹದಿನಾರು ಕೋಣೆಗಳಿಗೆ ಹಂಚಿದ ಮಹಾನುಭಾವರು. ನಿವೃತ್ತರಾದ ಮೇಲೆ ಅವರ ವಾರವಿಡೀ ಒಂದೇ ಬಿಡುವಿನ ಪಿರಿಯಡ್ಡಾಗಿ, ಗಂಟೆ ಹೊಡೆಯುವವರೇ ಇಲ್ಲದೆ ಉದ್ದಕ್ಕೆ ಬಿದ್ದುಕೊಂಡಿತ್ತು. ಮನೆಯಲ್ಲಿ ಇನ್ನೊಬ್ಬರೆಂದರೆ ಅಕ್ಕ. ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇರಲು ಬಂದವರು. ಅಕ್ಕ ಕಿಟಕಿಯ ಬಳಿ ಹೆಣಿಗೆ ಹಿಡಿದರೆ ತಮ್ಮ ಬಾಗಿಲ ಬಳಿ ಪತ್ರಿಕೆ ಹಿಡಿಯುವರು. “ಫ್ಯಾನ್ ಹಾಕ್ಲಾ?” “ಬೇಡ.” ಅಲ್ಲಿಗೆ ಆ ದಿನದ ಸಂಭಾಷಣೆ ಸಮಾಪ್ತಿ.

ಹೀಗಾಗಿ ಮೇಷ್ಟ್ರು ರಕ್ತದೊತ್ತಡದ ಮಾತ್ರೆಗಳನ್ನು ಒಟ್ಟಿಗೆ ಕೊಳ್ಳುತ್ತಿರಲಿಲ್ಲ. ನಾಲ್ಕು ನಾಲ್ಕಾಗಿ ಕತ್ತರಿಸಿ ತರುತ್ತಿದ್ದರು. (ಆ ಲೆಕ್ಕದಲ್ಲಿ ವಾರಕ್ಕೆ ಎರಡು ಸಲ ಔಷಧಿ ಅಂಗಡಿಯಾಕೆಯ ಜೊತೆ ಮಾತಾಡಬಹುದು.)

ಆಕೆಯೇ ಒಂದು ದಿನ ಕೇಳಿದ್ದು. ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಕೆ, ಒಬ್ಬ ದರ್ಜಿ, ಒಬ್ಬ ಅಂಚೆಯವನು ಸೇರಿ ಒಂದು ಆಟ ಆಡುತ್ತಾರಂತೆ. ಆಕೆ ಕಥೆ ಹೇಳುತ್ತಾಳೆ. ಉಳಿದವರು ಒಂದೊಂದು ವೇಷ ಕಲ್ಪಿಸಿಕೊಂಡು, ದಾಳ ಹಾಕಿ, ರಾಕ್ಷಸರನ್ನು ಕೊಲ್ಲುತ್ತಾರೆ. ನಾಲ್ಕನೆಯವರಿಗೆ ಬೇರೆ ಊರಿಗೆ ವರ್ಗವಾಗಿದೆ. “ಒಂದು ಹಾಳೇಲಿ ನಿಮ್ಮ ಪಾತ್ರ ಬರ್ಕೊಂಡು ಬನ್ನಿ ಸಾರ್, ಸಾಕು,” ಎಂದು ನಿಯಮಗಳ ಪುಸ್ತಕವನ್ನೂ ಕೊಟ್ಟಳು.

ಮೇಷ್ಟ್ರು ಪುಸ್ತಕವನ್ನು ಎದೆಗವಚಿಕೊಂಡು ಮನೆಗೆ ಬಂದರು. ಯೋಧನಾಗಲೋ? ಗಿಡಮೂಲಿಕೆಯಿಂದ ಗಾಯ ಮಾಯಿಸಿ, ಪ್ರಾಣಿಯ ರೂಪ ತಾಳುವ ಡ್ರುಯಿಡ್ ಎಂಬ ಕಾಡುಮುನಿಯಾಗಲೋ? ಒಂದೇ ಆದರೆ, ನಾಳೆ ಇನ್ನೊಬ್ಬ ಒಳ್ಳೆಯ ಯೋಧ ಬಂದಾಗ ‘ನೀವು ಬೇಡ’ ಎಂದುಬಿಟ್ಟರೆ? ಎರಡೂ ಆದವನನ್ನು ಕುರ್ಚಿಯಿಂದ ಎಬ್ಬಿಸುವ ಧೈರ್ಯ ಯಾರಿಗಿದೆ?

ಆದರೆ ಪುಸ್ತಕದಲ್ಲಿ ಒಂದು ನಿಯಮವಿತ್ತು. ಕತ್ತಿ ಬಿಟ್ಟು ಮೂಲಿಕೆ ಹಿಡಿದವನು, ಹೊಸ ವಿದ್ಯೆಯಲ್ಲಿ ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲೇರುವ ತನಕ ಹಳೆಯ ವಿದ್ಯೆಯನ್ನು ಮುಟ್ಟಬಾರದು. ಅಲ್ಲಿಯವರೆಗೆ ಆತ ಇತ್ತ ಯೋಧನೂ ಅಲ್ಲ, ಅತ್ತ ಮುನಿಯೂ ಅಲ್ಲ. ಮೇಷ್ಟ್ರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ತಮ್ಮ ನಿವೃತ್ತಿಯ ಆದೇಶವನ್ನು ಯಾರೋ ನಕಲು ಮಾಡಿದಂತಿತ್ತು.

ಶನಿವಾರ ಬಂತು. ಎರಡೂ ಆಗುವ ಯೋಜನೆ ಮುಗಿದಿರಲಿಲ್ಲ.

“ಅಕ್ಕ, ಅಂಗಡಿಗೆ ಹೋಗಿ ಈ ಚೀಟಿ ಕೊಟ್ಟು ಬರ್ತೀಯಾ? ಮುಂದಿನ ವಾರ ಬರ್ತೀನಿ ಅಂತ ಬರ್ದಿದೀನಿ.”

“ಆಟ ಆಡೋಕೆ ರಜಾ ಅರ್ಜಿ ಬರೆಯೋನು ನೀನೊಬ್ಬನೇ ಕಣೋ.”

“ಮುನಿ ಲೋಹದ ಕವಚ ತೊಡೋ ಹಾಗಿಲ್ಲ. ಯೋಧನ ಕವಚ ಎಲ್ಲಿಡೋದು ಅಂತಲೇ ತೀರ್ಮಾನ ಆಗಿಲ್ಲ.”

“ಅಟ್ಟದ ಮೇಲಿಡು,” ಎಂದು ಅಕ್ಕ ಚಪ್ಪಲಿ ಮೆಟ್ಟಿದರು.

ಎರಡನೇ ಶನಿವಾರ ಮೂವತ್ತು ಪುಟ ತುಂಬಿತು. ಅಕ್ಕ ಇನ್ನೊಂದು ಚೀಟಿ ಒಯ್ದರು. ಮೂರನೇ ಶನಿವಾರವೂ ಅಷ್ಟೇ. ಚೀಟಿ ಕೊಡಲು ಹೋದವರು ಅಂದೂ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಖಾಲಿ ಮನೆಯಲ್ಲಿ ‘ಫ್ಯಾನ್ ಹಾಕ್ಲಾ’ ಎನ್ನುವವರೂ ಇಲ್ಲದೆ, ಮೇಷ್ಟ್ರು ಅಷ್ಟು ಹೊತ್ತೂ ಯೋಧನ ಜೊತೆಗೇ ಕಳೆದರು. ಅವನಿಗೂ ಮಾತು ಕಡಿಮೆ. ಅಕ್ಕನ ಕೆನ್ನೆ ಕೆಂಪಾಗಿದ್ದುದನ್ನು ಕಂಡರು, ಬಿಸಿಲಿರಬೇಕೆಂದುಕೊಂಡರು.

ನಾಲ್ಕನೇ ಶನಿವಾರ ಚೀಟಿ ಬೇಕಾಗಲಿಲ್ಲ. ಅಕ್ಕ ಊಟವಾದೊಡನೆ ಎಲ್ಲಿಗೋ ಹೊರಟಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರವತ್ತನಾಲ್ಕು ಪುಟಗಳ ಮಹಾಯೋಜನೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಹಿಂದಿನ ಬಾಗಿಲು ತಳ್ಳಿದರು.

ಮೇಜಿನ ಸುತ್ತ ನಾಲ್ಕು ಕುರ್ಚಿ. ನಾಲ್ಕನೆಯದರಲ್ಲಿ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ ದಾಳ ಕುಲುಕುತ್ತಿದ್ದರು.

“ಹೊಡೀರಿ ಅಮ್ಮಾ, ಎಡಗಡೆ ತಲೆಗೆ,” ಎನ್ನುತ್ತಿದ್ದ ದರ್ಜಿ.

ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. “ಅಕ್ಕ, ನೀನು?”

“ಮೊದಲನೇ ಸಲ ಚೀಟಿ ಕೊಡೋಕೆ ಬಂದಾಗ, ಒಬ್ಬರು ಕಮ್ಮಿ, ಇವತ್ತೊಂದಿನ ಕೂತ್ಕೊಳ್ಳಿ ಅಂದ್ರು. ಕೂತೆ.”

“ನರ್ಸಮ್ಮ ಅಂತ ಮುನಿಯ ಪಾತ್ರ ಕೊಟ್ವಿ ಸಾರ್, ಒಪ್ಪಲಿಲ್ಲ,” ಎಂದಳು ಅಂಗಡಿಯಾಕೆ.

“ಮೂವತ್ತೆಂಟು ವರ್ಷ ಗಾಯಕ್ಕೆ ಪಟ್ಟಿ ಕಟ್ಟಿದೀನಿ,” ಎಂದರು ಅಕ್ಕ. “ಇನ್ನು ಸ್ವಲ್ಪ ದಿನ ಗಾಯ ಮಾಡೋಣ ಅಂತ.”

“ಮನೇಲಿ ಒಂದು ಮಾತು ಹೇಳಬಾರದಾಗಿತ್ತಾ?”

“ನೀನು ಕೇಳಿದ್ಯಾ?”

ಮೇಷ್ಟ್ರು ಕೇಳಿರಲಿಲ್ಲ. ನೋಟುಬುಕ್ಕು ಕಂಕುಳಲ್ಲಿ ಕಲ್ಲಿನಂತೆ ಭಾರವಾಯಿತು. ಹೊರಡಲೆಂದು ಅವರು ತಿರುಗುವಷ್ಟರಲ್ಲಿ ಅಂಚೆಯವನು ಮಾತ್ರೆಯ ಡಬ್ಬಗಳ ಹಿಂದಿನಿಂದ ಒಂದು ಸ್ಟೂಲು ಎಳೆದ. ಅಂಗಡಿಯಾಕೆ ಯೋಜನೆಯ ಪುಟಗಳನ್ನು ಗೌರವದಿಂದ ಮಗುಚಿದಳು.

“ಯೋಧರು ನಮ್ಮಲ್ಲಿ ಆಗಲೇ ಇದಾರೆ ಸಾರ್. ಆ ಭಾಗ ಬಿಟ್ಟುಬಿಡಿ. ನೇರ ಮುನಿಯಾಗಿಯೇ ಸೇರಿ, ಮೊದಲನೇ ಮೆಟ್ಟಿಲಿಂದ. ಸದ್ಯಕ್ಕೆ ಒಂದೇ ಒಂದು ಪ್ರಾಣಿಯ ರೂಪ. ಯಾವುದು ಅಂತ ದಾಳ ಹೇಳುತ್ತೆ.”

ಐವತ್ತೊಂದು ಪುಟ ಅಲ್ಲಿಗೆ ಕೊಚ್ಚಿಹೋಯಿತು. ಮೇಷ್ಟ್ರು ತೋಳವನ್ನು ನೆನೆದು ದಾಳ ಎಸೆದರು. ಅಂಗಡಿಯಾಕೆ ಪಟ್ಟಿ ನೋಡಿ ಕೆಮ್ಮಿದಳು.

“ಕತ್ತೆ ಸಾರ್.”

ಯಾರೂ ನಗಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. ಅಕ್ಕ ಮಾತ್ರ ಯೋಚಿಸುತ್ತಾ ತಲೆಯಾಡಿಸಿದರು. “ಒಳ್ಳೇದೇ ಆಯ್ತು. ನನ್ನ ಹತ್ರ ಎರಡು ಕವಚ, ಮೂರು ಗುರಾಣಿ ಇದೆ. ಎಲ್ಲಿಡೋದು ಅಂತ ತೀರ್ಮಾನ ಆಗಿರಲಿಲ್ಲ.”

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದರು. ಏಳು ತಲೆಯ ಸರ್ಪದ ಐದನೇ ತಲೆಯನ್ನು ತಾವು ತರಿದ ಬಗೆಯನ್ನು ಅಕ್ಕ ದಾರಿಯುದ್ದಕ್ಕೂ ವರ್ಣಿಸಿದರು. ಮೂಲೆಯ ಅಂಗಡಿಯಲ್ಲಿ ತರಕಾರಿ ಕೊಂಡು, ಮಾತು ನಿಲ್ಲಿಸದೆಯೇ ಚೀಲವನ್ನು ತಮ್ಮನ ಕೈಗೆ ತಗುಲಿಸಿದರು. ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಹೊತ್ತರು.

ಮನೆಗೆ ಬಂದು, ನೋಟುಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು, ಮುಂದಿನ ವಾರದ ವೇಳಾಪಟ್ಟಿ ಹಾಕಿದರು. ಭಾನುವಾರದಿಂದ ಶುಕ್ರವಾರದವರೆಗಿನ ಚೌಕಗಳು ಎಂದಿನಂತೆ ಖಾಲಿ. ಶನಿವಾರದ ಚೌಕದಲ್ಲಿ ಮಾತ್ರ, ತಿದ್ದಿ ತೀಡಿದ ಅಕ್ಷರಗಳಲ್ಲಿ ಬರೆದರು: ‘ಮಧ್ಯಾಹ್ನ ಮೂರರಿಂದ ಆರು: ಕತ್ತೆ.’

ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು, ಮರೆಯಬಾರದೆಂದು.