ಕೋಕಿಲಾಳ ಓಟು

ಪಾರ್ಸೆಲ್ ಬಂದ ಬೆಳಿಗ್ಗೆ ಶ್ರೀಹರಿಗೆ ಖುಷಿಯಾಗಬೇಕಿತ್ತು. ಬದಲಿಗೆ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವನ ಕೈಗೆ ಮಾರ್ಕ್ಸ್ ಕಾರ್ಡ್ ಬಂದ ಹಾಗಾಯಿತು.

ಪಾರ್ಸೆಲ್ಲಿನಲ್ಲಿ ಇದ್ದದ್ದು ಟಾರ್ಚು. ‘ಬೆಳಕಿನ ಬಳಗ’ ಎಂಬ ವಾಟ್ಸಾಪ್ ಗುಂಪಿನ ಟಾರ್ಚ್ ಹುಚ್ಚರೆಲ್ಲ ಸೇರಿ, ಒಟ್ಟಿಗೆ ಆರ್ಡರ್ ಕೊಟ್ಟು, ತಲೆಗೊಂದರಂತೆ ಮಾಡಿಸಿಕೊಂಡದ್ದು. ಭಾನುವಾರ ಸಂಜೆ ಹಲಸೂರು ಕೆರೆ ದಂಡೆಯಲ್ಲಿ ನಿಂತು, ಆಚೆ ದಡದ ಮರಗಳಿಗೆ ಬೆಳಕು ಬಿಟ್ಟು, ಹೆಣ್ಣು ನೋಡಲು ಬಂದವರ ಹಾಗೆ ಅದರ ಬಣ್ಣ, ಅಂಚು, ನಡು ಎಲ್ಲವನ್ನೂ ಗಂಭೀರವಾಗಿ ಚರ್ಚಿಸುವ ಜನ ಇವರು.

ಎಂಥ ಟಾರ್ಚು ಮಾಡಿಸಬೇಕು ಅನ್ನುವುದಕ್ಕೆ ಗುಂಪಿನಲ್ಲಿ ಓಟು ನಡೆದಿತ್ತು. ಅಗಲಕ್ಕೆ ಹರಡುವ ಬೆಳಕೋ, ದೂರಕ್ಕೆ ಹೋಗುವ ಬೆಳಕೋ? ಗುಂಪಿನ ಅಡ್ಮಿನ್ ಶ್ರೀಹರಿ ದೂರದ ಪಕ್ಷ. ಶಿವಾಜಿನಗರದಲ್ಲಿ ಲೈಟಿನ ಅಂಗಡಿ ಇಟ್ಟಿರುವ ಅವನ ಹಳೇ ಸ್ನೇಹಿತ ಜಾಫರ್ ಅಗಲದ ಪಕ್ಷ. “ಎರಡು ಕಿಲೋಮೀಟರ್ ಆಚೆ ಕಾಗೆ ಕಾಣ್ಸುತ್ತೆ, ಕಾಲ ಕೆಳಗಿನ ಗುಂಡಿ ಕಾಣ್ಸಲ್ಲ. ಏನ್ ಮಾಡ್ತೀಯ ಮಗಾ ಅದನ್ನ ಇಟ್ಕೊಂಡು?” ಎಂದು ಅವನ ವಾದ. ಓಟು ಸಮಸಮ ಬಂತು. ಕೊನೇ ಗಳಿಗೆಯಲ್ಲಿ ಶ್ರೀಹರಿ, ಹೆಂಡತಿ ಕೋಕಿಲಾ ಚಪಾತಿ ಲಟ್ಟಿಸುತ್ತಿದ್ದಾಗ ಅವಳ ನಂಬರನ್ನು ಗುಂಪಿಗೆ ಸೇರಿಸಿ, ಅವಳ ಫೋನಿನಿಂದ ಅವಳ ಪರವಾಗಿ ತಾನೇ ಓಟು ಒತ್ತಿದ. ಅಲ್ಲಿ ಎಲ್ಲರೂ ಟಾರ್ಚಿನ ಹೆಸರು ಇಟ್ಟುಕೊಂಡೇ ಓಡಾಡುವುದರಿಂದ ಹೊಸಬರು ಯಾರೆಂದು ಯಾರೂ ಕೇಳಲಿಲ್ಲ. ದೂರ ಒಂದು ಓಟಿನಿಂದ ಗೆದ್ದಿತು. ಜಾಫರ್ ಗುಂಪು ಬಿಟ್ಟ, ಶ್ರೀಹರಿಯ ನಂಬರನ್ನೂ ಬ್ಲಾಕ್ ಮಾಡಿದ. ಅಂಗಡಿಗೆ ಹೋದರೆ, ಇಲ್ಲದ ಗಿರಾಕಿಗಾಗಿ ಒಳಗೆ ಬಲ್ಬು ಹುಡುಕುತ್ತಾ ಉಳಿದ. ಅವನಿಗೆ ಕಳ್ಳ ಓಟಿನ ವಾಸನೆ ಹತ್ತಿದೆ ಎಂದು ಶ್ರೀಹರಿಗೆ ಖಾತ್ರಿ. ಆಮೇಲೆ ಯಾರ ಜೊತೆ ಚಾಯ್ ಕುಡಿದರೂ ಅದು ಬರೀ ಬಿಸಿ ನೀರು.

ಡಬ್ಬ ಬಿಚ್ಚುವಷ್ಟರಲ್ಲಿ ನೆಲಮಹಡಿಯ ನಾಗರತ್ನಾ ಬಂದರು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಅವರ ಕಿವಿಯೋಲೆ ನೀರಿನ ಸಂಪಿನೊಳಗೆ ಬಿದ್ದಿತ್ತು. ಶ್ರೀಹರಿ ಹೆಮ್ಮೆಯಿಂದ ಸಂಪಿನ ಬಾಯಿಗೆ ಟಾರ್ಚು ಹಿಡಿದ. ತಳದಲ್ಲಿ ಉದ್ದಿನವಡೆಯಷ್ಟು ಜಾಗ ಬೆಂಕಿಯಂತೆ ಹೊಳೆಯಿತು, ಮಿಕ್ಕದ್ದು ಕತ್ತಲೆ. ವಡೆಯನ್ನು ಅರ್ಧ ಗಂಟೆ ಅತ್ತಿತ್ತ ಸರಿಸಿದರೂ ಓಲೆ ಸಿಗಲಿಲ್ಲ.

“ಇದು ಟಾರ್ಚಾ, ಸೂಜಿನಾ?” ಎಂದು ನಾಗರತ್ನಾ ತಮ್ಮ ಫೋನಿನ ಲೈಟು ಹಾಕಿದರು. ಓಲೆ ಮೂಲೆಯಲ್ಲೇ ಕೂತಿತ್ತು.

ಜಾಫರ್ ಹೇಳಿದ್ದು ಸರಿ. ಆ ಯೋಚನೆ ಚಪ್ಪಲಿಯೊಳಗಿನ ಕಲ್ಲಿನಂತೆ ಇಡೀ ದಿನ ಚುಚ್ಚಿತು.

ಕತ್ತಲಾಗುತ್ತಲೇ ಶ್ರೀಹರಿ ಟಾರ್ಚು ಹಿಡಿದು ಮಹಡಿ ಹತ್ತಿದ. ಸಿ.ವಿ. ರಾಮನ್ ನಗರದ ಆ ಮಹಡಿಯಿಂದ, ಎರಡು ಕಟ್ಟಡಗಳ ಸಂದಿಯಲ್ಲಿ, ಕಗ್ಗದಾಸಪುರದ ಜಾಫರ್ ಮನೆಯ ನೀರಿನ ಟ್ಯಾಂಕು ಕಾಣುತ್ತದೆ. ಹಿಂದೆ ಇಬ್ಬರೂ ಇಲ್ಲಿಂದಲೇ ಮಾತಾಡುತ್ತಿದ್ದರು. ಎರಡು ಸಲ ಮಿಟುಕಿಸಿದರೆ ‘ಇದ್ದೀಯಾ’, ಒಂದು ಸಲ ಉದ್ದಕ್ಕೆ ಹಿಡಿದರೆ ‘ಚಾಯ್‌ಗೆ ಬಾ’. ತಪ್ಪಾಯ್ತು ಅನ್ನುವುದಕ್ಕೆ ಗುರುತು ಮಾಡಿಕೊಂಡಿರಲಿಲ್ಲ, ಅದರ ಅಗತ್ಯವೇ ಬಿದ್ದಿರಲಿಲ್ಲ.

ಎರಡು ಸಲ ಮಿಟುಕಿಸಿದ. ಬೆಳಕು ನೆಟ್ಟಗೆ ಹೋಗಿ ಟ್ಯಾಂಕಿಗೆ ಬಡಿಯಿತು. ಬಟ್ಟೆ ತೆಗೆಯಲು ಬಂದಿದ್ದ ನಾಗರತ್ನಾ ಬಕೆಟ್ ಇಟ್ಟು ನಿಂತರು. ಕೋಕಿಲಾ ಕೂಡ ಬಂದಳು.

ಟ್ಯಾಂಕಿನ ಪಕ್ಕ ಒಂದು ಬೆಳಕು ಎರಡು ಸಲ ಮಿಟುಕಿತು.

ಶ್ರೀಹರಿ ಹೇಗೆ ಕ್ಷಮೆ ಕೇಳುವುದೋ ತಿಳಿಯದೆ ಮನಸ್ಸಿಗೆ ಬಂದ ಹಾಗೆ ಮಿಟುಕಿಸಿದ. ಆ ಕಡೆಯಿಂದಲೂ ಪಟಪಟನೆ ಉತ್ತರ. “ಅಳ್ತಿದಾರೆ ಅನ್ಸುತ್ತೆ,” ಎಂದು ನಾಗರತ್ನಾ ಅರ್ಥ ಹೇಳಿದರು. ಕೊನೆಗೆ ಆ ಬೆಳಕು ಉದ್ದಕ್ಕೆ ಉರಿಯಿತು.

“ಚಾಯ್‌ಗೆ ಕರೀತಿದಾನೆ ಕಣೇ,” ಎಂದ ಶ್ರೀಹರಿ. ಅಲ್ಲೇ ನಿಂತು, ಇಬ್ಬರಿಗೂ ಕೇಳುವಂತೆ ಓದಿಕೊಳ್ಳುತ್ತಾ, ಗುಂಪಿಗೆ ಬರೆದುಬಿಟ್ಟ: ಆ ಕೊನೇ ಓಟು ನನ್ನ ಹೆಂಡತಿಯ ಹೆಸರಲ್ಲಿ ನಾನೇ ಒತ್ತಿದ್ದು, ಗೆದ್ದದ್ದು ಮೋಸ, ಜಾಫರ್ ಹೇಳಿದ್ದೇ ಸರಿ. ಬೈಗುಳ ಬಂದು ಬೀಳುವ ಮೊದಲೇ ಫೋನು ಜೇಬಿಗೆ ಹಾಕಿ ಕಗ್ಗದಾಸಪುರಕ್ಕೆ ಆಟೋ ಹತ್ತಿದ. ರೈಲ್ವೆ ಗೇಟು ಹಾಕಿತ್ತು. ಅದೂ ಅವನಿಗೆ ಮುದ್ದಾಗಿ ಕಂಡಿತು.

ಬಾಗಿಲು ತೆಗೆದವರು ಜಾಫರ್‌ನ ಹೆಂಡತಿ ಶಿರೀನ್. “ಅರೆ ಭಾಯ್, ಇವ್ರು ನಿಮ್ಮನೆಗೇ ಹೋದ್ರಲ್ಲ. ಇಲ್ಲೇ ಮನೆ ಗೇಟಲ್ಲಿ ನಿಂತಿದ್ರು, ನಿಮ್ಮ ಲೈಟ್ ಕಂಡಿದ್ದೇ ಗಾಡಿ ತಿರುಗ್ಸಿದ್ರು.”

“ಮತ್ತೆ ಮೇಲಿಂದ ಮಿಟುಕಿಸಿದ್ದು ಯಾರು?”

“ಟ್ಯಾಂಕ್ ಹತ್ರದ ಬಲ್ಬಾ? ಅದರ ಹೋಲ್ಡರ್ ಲೂಸು, ಗಾಳಿ ಬಂದ್ರೆ ಹಾಗೇ ಆಡ್ತದೆ. ಲೈಟಿನ ಅಂಗಡಿಯವ್ರ ಮನೆ ಅಲ್ವಾ, ಯಾರಿಗೆ ಹೇಳೋದು?”

ಆಗ ಕೋಕಿಲಾಳ ಫೋನ್ ಬಂತು. ಅವಳ ದನಿ ಸಣ್ಣಗಿತ್ತು.

“ಜಾಫರ್ ಭಾಯ್ ಬಂದಿದ್ರು ರೀ. ಇಲ್ಲಿಂದ ಅವ್ರ ಟ್ಯಾಂಕ್ ತನಕ ಬೆಳಕು ಬಂತಲ್ಲ, ಶ್ರೀಹರಿ ಹೇಳಿದ್ದೇ ಸರಿ ಭಾಭಿ ಅಂದ್ರು. ಓಟಲ್ಲಿ ಸೋತಿದ್ದಕ್ಕೆ ಚಿಕ್ಕ ಮಕ್ಕಳ ಹಾಗೆ ಮುನಿಸ್ಕೊಂಡೆ, ನಂದೇ ತಪ್ಪು, ಕ್ಷಮೆ ಕೇಳೋಣ ಅಂತ ಬಂದೆ ಅಂದ್ರು.”

“ಓಟಲ್ಲಿ ಸೋತಿದ್ದಕ್ಕೆ ಅಂದ್ನಾ? ಅಷ್ಟೇನಾ?”

“ಅಷ್ಟೇ. ಅವ್ರಿಗೇನೂ ಗೊತ್ತಿರ್ಲಿಲ್ಲ ರೀ. ನಾಗರತ್ನಮ್ಮ ಬಾಯಿ ಹಾಕಿದ್ರು, ಪಾಪ ನಿಮಗೋಸ್ಕರ ಕಳ್ಳ ಓಟನ್ನೂ ಒಪ್ಕೊಂಡ್ರಲ್ಲ ಅಂತ. ಯಾವ ಕಳ್ಳ ಓಟು ಅಂತ ಕೇಳಿದ್ರು. ನೀವು ಬರೆದಿದ್ದನ್ನ ನನ್ನ ಫೋನಲ್ಲೇ ಓದಿದ್ರು. ಚಾಯ್ ಅರ್ಧಕ್ಕೇ ಬಿಟ್ಟು ಎದ್ದು ಹೋದ್ರು.”

ಶಿರೀನ್ ಒಳಗೆ ಬನ್ನಿ ಅಂದರು. ಶ್ರೀಹರಿ ಹೊರಗೇ ಉಳಿದ. ಗಲ್ಲಿಯಲ್ಲೇ, ಗೇಟಿನ ಮುಂದೆ ನಿಂತ. ಹೇಳಬೇಕಾದ್ದನ್ನೆಲ್ಲ ಒಂದು ಬಲ್ಬಿಗೆ ಹೇಳಿ ಮುಗಿಸಿದ್ದ. ಈಗ ಹುಡುಕಿದರೂ ಬೇರೆ ಮಾತು ಸಿಗುತ್ತಿರಲಿಲ್ಲ.

ತಿರುವಿನಲ್ಲಿ ಸ್ಕೂಟರ್ ಕಾಣಿಸಿಕೊಂಡು, ಅವನ ಮೊಣಕಾಲಿನ ಹತ್ತಿರ ಬಂದು ನಿಂತಿತು. ಜಾಫರ್ ಹೆಲ್ಮೆಟ್ ತೆಗೆಯಲಿಲ್ಲ.

“ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್,” ಎಂದ. “ಗಾಡಿ ಒಳಗೆ ಹಾಕ್ಬೇಕು.”

ಶ್ರೀಹರಿ ಆ ಕಡೆ ನಿಂತುಕೊಂಡ.