ಮೊಳೆರಾಯನನ್ನು ನಗಿಸಿದವರಿಗೆ ಅರ್ಧ ಬೆಲೆ

"ನಾಳೆಯಿಂದ ಅಂಗಡಿ ಪ್ರಚಾರ ನನ್ನ ಕೈಯಲ್ಲಿ! ಊರಲ್ಲಿರೋ ಕುಂಟು ಕುರ್ಚಿಗಳೆಲ್ಲ ತಾವೇ ನಡ್ಕೊಂಡು ನಮ್ಮ ಬಾಗಿಲಿಗೆ ಬರದಿದ್ರೆ ಕೇಳು!" ಎಂದು ಮೊಳೆರಾಯ ಊಟದ ಮೇಜು ಕುಟ್ಟಿ ಘೋಷಿಸಿದ.

ಮೇಜು ಓಲಾಡಿತು. ಲೋಟ ಉರುಳಿತು.

"ಮೊದಲು ಈ ಮೇಜಿನ ಕಾಲು ಸರಿ ಮಾಡ್ರೀ," ಎಂದಳು ಹೆಂಡತಿ, ನೀರು ಒರೆಸುತ್ತ.

"ಗಿರಾಕಿಗಳದ್ದು ಮೊದಲು, ಮನೇದು ಆಮೇಲೆ. ಅದು ಅಂಗಡಿ ನಿಯಮ."

"ಆಮೇಲೆ ಅಂದ್ರೆ ಯಾವ ಜನ್ಮದಲ್ಲಿ?"

ಮೊಳೆರಾಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಸೋಫಾಗಳಿಗೆ ಬಟ್ಟೆ ಹೊಡೆಯುವಾಗ ಬಾಯ್ತುಂಬ ಸಣ್ಣ ಮೊಳೆ ತುಂಬಿಕೊಂಡು, ಒಂದೊಂದನ್ನೇ ತುಟಿಯಿಂದ ತೆಗೆದು ಬಡಿಯುವುದು ಅವನ ಕಸುಬಿನ ರೀತಿ. ಹೀಗಾಗಿ ಅಂಗಡಿಯಲ್ಲಿ ಅವನ ಬಾಯಿಂದ ಮೊಳೆ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಮಾತಿಗೆ ಪಾಲುದಾರನಿದ್ದ. ಮೊಳೆರಾಯ ಎಂಬ ಬಿರುದು ಕೊಟ್ಟವನೂ ಅವನೇ. ಅವನನ್ನು ಊರು ಮಾತಿನಮಲ್ಲ ಎನ್ನುತ್ತಿತ್ತು. ಹರಿದ ಸ್ಟೂಲು ತಂದವರು ಅವನ ಮಾತು ಕೇಳುತ್ತ ಕೇಳುತ್ತ ಮನೆಯ ಸೋಫಾವನ್ನೂ ಒಪ್ಪಿಸಿ ಹೋಗುತ್ತಿದ್ದರು.

ಕೆಲವು ತಿಂಗಳ ಹಿಂದೆ, ಔಷಧಿ ಅಂಗಡಿಯವರಿಗೆ ಯಾವುದೋ ಕಥೆ ಹೇಳುತ್ತಿದ್ದ ಮಾತಿನಮಲ್ಲ ಎದೆ ಹಿಡಿದು ಕುಳಿತ. ಮತ್ತೆ ಏಳಲಿಲ್ಲ. ಕಥೆಯ ಕೊನೆ ಏನಿತ್ತು ಎಂದು ಔಷಧಿ ಅಂಗಡಿಯವರು ಈಗಲೂ ಕೇಳುತ್ತಾರೆ. ಮೊಳೆರಾಯನಿಗೂ ಗೊತ್ತಿಲ್ಲ. ಅಂದಿನಿಂದ ಅವನು ನಕ್ಕಿಲ್ಲ. ಗಿರಾಕಿಗಳೂ ಹೆಚ್ಚಾಗಿ ಬಂದಿಲ್ಲ. ಆ ಒಂದು ಅಂಗಡಿಯಿಂದ ಎರಡು ಮನೆ ನಡೆಯಬೇಕು. ಹೀಗೇ ಹೋದರೆ ಬಾಗಿಲು ಎಳೆಯುವುದೊಂದೇ ದಾರಿ.

ಹಾಗಾಗಿ ಮೊಳೆರಾಯ ಗೆಳೆಯನ ಮನೆಗೆ ಹೋಗಿ, ತಾನು ಅತ್ತಿಗೆ ಎನ್ನುತ್ತಿದ್ದ ಅವನ ಹೆಂಡತಿಯಿಂದ ಗೆಳೆಯನ ಫೋನು ತಂದ. ಅಂಗಡಿಯ ಪೇಜು ಇದ್ದದ್ದು ಅದರಲ್ಲಿ. ತೆರೆದರೆ, ಹರಿದ ಸೋಫಾದ ಮೇಲೆ ಮಹಾರಾಜನಂತೆ ಕುಳಿತು ಹಲ್ಲುಬಿಡುತ್ತಿರುವ ಮಾತಿನಮಲ್ಲ! ಕೆಳಗೆ, ಅವನು ಬರೆದು ಕಳಿಸದೆ ಬಿಟ್ಟಿದ್ದ ಪೋಸ್ಟುಗಳ ಸಾಲು. ಮೊಳೆರಾಯ ಮೊದಲೆರಡನ್ನು ನೋಡಿದ, ಎರಡೂ ಪರಿಚಿತ. ಅವನ್ನು ಗೆಳೆಯ ಓದಿ ಹೇಳಿದ್ದ. ಮೊಳೆರಾಯ ಬಾಯ್ತುಂಬ ಮೊಳೆ ಇಟ್ಟುಕೊಂಡೇ ಬೇಡವೆಂದು ತಲೆಯಾಡಿಸಿದ್ದ. ಅಂಗಡಿಯ ಮರ್ಯಾದೆಯ ಪ್ರಶ್ನೆ!

ಅಳಿಸಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ಪಕ್ಕಕ್ಕಿಡೋಣವೆಂದು ಎಲ್ಲವನ್ನೂ ಆರಿಸಿ, ಗಡಿಯಾರದ ಚಿತ್ರವಿದ್ದ ಗುಂಡಿ ಒತ್ತಿದ. ಗಡಿಯಾರ ಎಂದರೆ 'ಆಮೇಲೆ ನೋಡೋಣ' ಎಂದಿರಬೇಕು! ಬಳಿಕ ತನ್ನದೇ ಗಂಭೀರ ಜಾಹೀರಾತು ಹಾಕಿದ: "ಇಲ್ಲಿ ಸೋಫಾ ದುರಸ್ತಿ ಮಾಡಲಾಗುವುದು." ಜೊತೆಗಿದ್ದ ಫೋಟೋದಲ್ಲಿ ಮುಕ್ಕಾಲು ಪಾಲು ಅವನ ಹೆಬ್ಬೆರಳು. ಅದನ್ನು ಮೆಚ್ಚಿದ್ದು ಒಬ್ಬರೇ. ಅದೂ ಹೆಂಡತಿ, ಅದೂ ಅಯ್ಯೋ ಪಾಪ ಎಂದು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯವರು ಓಡಿ ಬಂದರು. "ಏನ್ರೀ ಇದು? ನಿಮ್ಮ ಪಾಲುದಾರ ಅಲ್ಲಿಂದಾನೂ ಬರೀತಿದಾನೆ!"

ಪೇಜಿನಲ್ಲಿ ಹಲ್ಲುಬಿಟ್ಟ ಮುಖದ ಪಕ್ಕದಲ್ಲೇ ಬರೆದಿತ್ತು: "ಮೊಳೆರಾಯನ ಬಾಯಲ್ಲಿ ಎಷ್ಟು ಮೊಳೆಗಳಿವೆ? ಸರಿಯಾಗಿ ಹೇಳಿದವರಿಗೆ ದಿಂಬು ಉಚಿತ!"

ಗಡಿಯಾರದ ಅರ್ಥ ಮೊಳೆರಾಯನಿಗೆ ಆಗ ತಿಳಿಯಿತು. ದಿನಕ್ಕೊಂದರಂತೆ ಎಲ್ಲವೂ ಹೊರಡಲು ಸಿದ್ಧವಾಗಿ ಸಾಲಿನಲ್ಲಿ ನಿಂತಿದ್ದವು!

ಮಧ್ಯಾಹ್ನದ ಹೊತ್ತಿಗೆ ಅಂಗಡಿ ತುಂಬಿತು. ಬಂದವರೆಲ್ಲ ಬಗ್ಗಿ ಅವನ ಬಾಯಿಯನ್ನೇ ನೋಡುವವರು. ಹಲ್ಲಿನ ಡಾಕ್ಟರರಂತೂ ಟಾರ್ಚು ಹಿಡಿದೇ ಬಂದರು. ಬುತ್ತಿ ತಂದ ಹೆಂಡತಿಯೂ ಹದಿಮೂರು ಎಂದು ಹೇಳಿ ಹೋದಳು. ಮೊಳೆರಾಯ ತುಟಿ ಬಿಗಿದು ಕುಳಿತ. ಉಗುಳಿ ಎಣಿಸಿ ತೋರಿಸಲು ಸುತಾರಾಂ ಒಪ್ಪಲಿಲ್ಲ.

ಮಾರನೆಯ ದಿನ ಅದಕ್ಕಿಂತ ಭೀಕರ ಘೋಷಣೆ ಹೊರಬಿತ್ತು: "ಮೊಳೆರಾಯನನ್ನು ನಗಿಸಿದವರಿಗೆ ರಿಪೇರಿ ಅರ್ಧ ಬೆಲೆಗೆ!"

ಜನ ಕುರ್ಚಿ ಹೊತ್ತು ತಂದರು, ಜೊತೆಗೆ ಜೋಕು ತಂದರು. ಬ್ಯಾಂಕಿನ ಗುಮಾಸ್ತರು ಕೋತಿಯಂತೆ ಕುಣಿದರು. ನಿವೃತ್ತ ಮೇಷ್ಟರೊಬ್ಬರು ಮುಕ್ಕಾಲು ಗಂಟೆಯ ನಗೆಹನಿ ಹೇಳಿ, ಕೊನೆ ಮರೆತು, ಮತ್ತೆ ಮೊದಲಿನಿಂದ ಶುರು ಮಾಡಿದರು. ಮೊಳೆರಾಯನ ಮುಖ ಮಾತ್ರ ಕಲ್ಲು. ಎಲ್ಲರೂ ಪೂರ್ತಿ ಬೆಲೆ ಒಪ್ಪಿಕೊಂಡು, ಕುರ್ಚಿ ಬಿಟ್ಟು ಹೋದರು.

"ಬದುಕಿದ್ದಾಗ ನನ್ನ ಹತ್ರ ಸೋತ ಜಗಳನೆಲ್ಲ ಈಗ ಒಂದೊಂದಾಗಿ ಗೆಲ್ತಿದಾನೆ ಕಳ್ಳ!" ಎಂದು ಅವನು ಹೆಂಡತಿಯ ಮುಂದೆ ಕಿರುಚಾಡಿದ. "ಎದುರಿಗಿದ್ದಿದ್ರೆ ಅವನು ಕೂರೋ ಕಡೆ ಮೊಳೆ ಇಡ್ತಿದ್ದೆ!"

"ಸುಮ್ನಿರಿ. ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ, ಅಷ್ಟು ಕುರ್ಚಿ ಬಂದಿದೆ," ಎಂದ ಹೆಂಡತಿ ಫೋನು ತಿರುವಿ ನೋಡಿದಳು. "ಬೇಡ ಅಂದ್ರೆ ಹೇಳಿ, ನಿಲ್ಲಿಸೋ ಗುಂಡಿ ಇಲ್ಲೇ ಇದೆ."

ಮೊಳೆರಾಯನ ಕಿರುಚಾಟ ನಿಂತಿತು. "ಇನ್ನೆಷ್ಟು ಉಳಿದಿವೆ?"

"ಒಂದೇ."

ಅವನು ಬಟ್ಟೆಯ ಸುರುಳಿಯ ಅಂಚು ಸರಿಮಾಡಿದ.

"ಬಿಡು, ಬರಲಿ," ಎಂದ. "ಈಗಲೇ ಓದಬೇಡ."

ಮರುದಿನ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಒಂದು ಕೈಯಲ್ಲಿ ಕುಂಟು ಕುರ್ಚಿ, ಇನ್ನೊಂದರಲ್ಲಿ ಅವರದೇ ಫೋನು. ಬಾಯಲ್ಲಿ ಮೊಳೆ ತುಂಬಿದ್ದ ಮೊಳೆರಾಯ ಕಣ್ಣಲ್ಲೇ ಏನೆಂದು ಕೇಳಿದ.

"ಇವತ್ತಿನದು ನೋಡಿಲ್ವಾ? ಓದ್ತೀನಿ ಕೇಳಿ," ಎಂದು ಅತ್ತಿಗೆ ಓದಿದರು:

"ಇದನ್ನು ಮೊಳೆರಾಯ ಓದುವುದಿಲ್ಲ. ಅವನಿಗೆ ಫೋನು ತೆರೆಯಲು ಸ್ಕ್ರೂಡ್ರೈವರ್ ಬೇಕು. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಊರಿನ ಕುರ್ಚಿಗಳೆಲ್ಲ ನೆಟ್ಟಗಾದವು, ನನ್ನ ಮನೆಯ ಕುರ್ಚಿ ಮಾತ್ರ ಇನ್ನೂ ಕುಂಟುತ್ತಿದೆ. ಕೇಳಿದರೆ, ಗಿರಾಕಿಗಳದ್ದು ಮೊದಲು ಎನ್ನುತ್ತಾನೆ. ಪುಣ್ಯಾತ್ಮರು ಯಾರಾದರೂ ಗಿರಾಕಿಯ ವೇಷ ಹಾಕಿ ನನ್ನ ಕುರ್ಚಿಯನ್ನು ಅಂಗಡಿಗೆ ಒಯ್ದರೆ, ನಾನು ಈ ಜನ್ಮದಲ್ಲಿ ಒಮ್ಮೆ ನೆಟ್ಟಗೆ ಕುಳಿತೇನು!"

ಮೊದಲು ಮೊಳೆರಾಯನ ಭುಜ ಕುಣಿಯಿತು. ಆಮೇಲೆ ಬಾಯಿ ತೆರೆಯಿತು. ಮೊಳೆಗಳೆಲ್ಲ ಟಣಟಣ ನೆಲಕ್ಕುದುರಿದವು. ಅವನು ನಕ್ಕ ನಗೆಗೆ ಎದುರಿನ ಔಷಧಿ ಅಂಗಡಿಯವರು ಹೊರಗೆ ಬಂದು ನೋಡಿದರು. ನಕ್ಕೂ ನಕ್ಕೂ ಆ ಕುಂಟು ಕುರ್ಚಿಯ ಮೇಲೇ ಕುಸಿದ. ಅದು ಪಕ್ಕಕ್ಕೆ ವಾಲಿತು. ಆಮೇಲೆ ಅವನು ಮುಖ ಮುಚ್ಚಿಕೊಂಡು ಅತ್ತ.

ಬುತ್ತಿ ತಂದಿದ್ದ ಹೆಂಡತಿ ನೆಲದ ಮೇಲಿನ ಮೊಳೆಗಳನ್ನು ಒಂದೊಂದಾಗಿ ಆರಿಸಿದಳು. "ಹದಿಮೂರು! ಮೊದಲನೇ ದಿನವೇ ಹೇಳಿದ್ದೆ. ಎಲ್ರೀ ನನ್ನ ದಿಂಬು?"

ಅತ್ತಿಗೆ ಕಣ್ಣೊರೆಸಿಕೊಂಡರು. "ನಕ್ಕಿದೀರಿ. ನನಗೆ ಅರ್ಧ ಬೆಲೆ."

"ಅರ್ಧ ಯಾಕೆ ಅತ್ತಿಗೆ?" ಮೊಳೆರಾಯ ಎದ್ದ. "ಅವನ ಕುರ್ಚಿ! ಪೂರ್ತಿ ಪುಕ್ಕಟೆ ಮಾಡಿಕೊಡ್ತೀನಿ!"

"ಖಂಡಿತ ಬೇಡ," ಎಂದರು ಅತ್ತಿಗೆ, ಕುರ್ಚಿಯನ್ನು ಅವನ ಮುಂದಕ್ಕೆ ತಳ್ಳಿ. "ಪುಕ್ಕಟೆ ಅಂದ್ರೆ ಇದನ್ನ ಮತ್ತೆ ಮನೇದು ಅಂತ ಕೊನೇಗಿಡ್ತೀರಿ!"