ಕೊನೆಗೆ ಉಣ್ಣುವ ಹವಾಲ್ದಾರ

ಮನುಷ್ಯನಿಗೆ ಬಾಳಿನಲ್ಲಿ ಒಂದು ತತ್ವ ಇರಬೇಕು ಎನ್ನುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಹಸಿಯತೊಡಗುತ್ತದೆ. ನನಗೂ ಒಂದು ತತ್ವವಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಸೈನ್ಯದಲ್ಲಿ ನಾನು ಹವಾಲ್ದಾರನಾದ ಹೊಸತರಲ್ಲಿ, ತರಬೇತಿಯ ಸಾಹೇಬರೊಬ್ಬರು ‘ಜವಾನರನ್ನು ಹೇಗೆ ಮುನ್ನಡೆಸುತ್ತೀರಿ, ಒಂದು ಹಾಳೆಯಲ್ಲಿ ಬರೆಯಿರಿ’ ಎಂದರು. ಮಿಕ್ಕವರು ಶೌರ್ಯ, ಶಿಸ್ತು ಎಂದು ಹಾಳೆ ತುಂಬಿಸಿದರು. ಊಟದ ಹೊತ್ತು ಹತ್ತಿರವಾಗಿದ್ದಕ್ಕೋ ಏನೋ, ನಾನು ಬರೆದದ್ದು ಒಂದೇ ಸಾಲು: ‘ಜವಾನರೆಲ್ಲ ಉಂಡ ಮೇಲೆ, ಎಲ್ಲರಿಗಿಂತ ಕೊನೆಗೆ ನಾನು ಉಣ್ಣುತ್ತೇನೆ.’ ಸಾಹೇಬರು ಅದನ್ನು ಎಲ್ಲರೆದುರು ಎರಡು ಸಲ ಓದಿಸಿದರು. ನಾನು ಕೆಟ್ಟದ್ದು ಅಲ್ಲೇ. ಹಾಳೆ ಜೇಬಿನಲ್ಲಿ ಇದ್ದಿದ್ದರೆ ತೊಂದರೆ ಇರಲಿಲ್ಲ, ತಲೆಗೆ ಏರಿತು.

ಕೆಲವು ತಿಂಗಳು ಹಾಗೆಯೇ ಕೊನೆಗೆ ಉಂಡು, ರಜೆಗೆ ನಮ್ಮೂರು ಕಳ್ಳಂಬೆಳ್ಳಕ್ಕೆ ಬಂದೆ. ಮನೆಯಲ್ಲಿದ್ದವರು ಅವ್ವ ಮತ್ತು ನನ್ನ ಹೆಂಡತಿ ರತ್ನ. ಮದುವೆಯಾಗಿ ವರ್ಷವಾಗಿದ್ದರೂ ನಾವಿಬ್ಬರು ಜೊತೆಗಿದ್ದದ್ದು ಇಪ್ಪತ್ತು ದಿನವೂ ಅಲ್ಲ. ಮಧ್ಯಾಹ್ನ ಬಿಸಿ ಮುದ್ದೆ, ಅವರೆಕಾಳಿನ ಸಾರು ಮಾಡಿ ರತ್ನ ತಟ್ಟೆ ಇಟ್ಟಳು. ನಾನು ಕೈ ಹಿಂದೆ ಕಟ್ಟಿಕೊಂಡು ಕಂಬದ ಪಕ್ಕ ನಿಂತು, “ಮೊದಲು ನೀವಿಬ್ಬರೂ ಉಣ್ಣಿ” ಎಂದೆ. ಗಂಡಸಿಗಿಂತ ಮೊದಲು ಹೆಂಗಸರು ಉಣ್ಣುವುದು ನಮ್ಮ ಮನೆಯಲ್ಲಿ ಅದುವರೆಗೆ ನಡೆದದ್ದೇ ಇಲ್ಲ.

“ನೀನು ಉಣ್ದೆ ನಾವೆಂಗ್ಲಾ ಉಣ್ಣಾದು? ಕೂತ್ಕೊ, ಮುದ್ದೆ ಆರೋಯ್ತದೆ” ಎಂದಳು ಅವ್ವ. ನಾನು ಕೂರಲಿಲ್ಲ, ಅವರು ಉಣ್ಣಲಿಲ್ಲ. ಮೂವರೂ ಮುದ್ದೆಗೆ ಕಾವಲು ನಿಂತೆವು. ಅದು ತಣ್ಣಗಾಗಿ ಗಟ್ಟಿಯಾದ ಮೇಲೆ, ಅವ್ವನ ಕೋಪಕ್ಕೆ ಹೆದರಿ ನಾನೇ ಎರಡು ತುತ್ತು ನುಂಗಿದೆ. ಅದು ಊಟವಲ್ಲ, ಆಹಾರದ ತಪಾಸಣೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಎರಡನೆಯ ದಿನವೂ ಇದೇ ಪಾಡು. “ಪಟ್ಟಾಳ್ದಲ್ಲಿ ಅದೇನ್ ತಿನ್ಸವ್ರೋ, ಹೊಟ್ಟೆ ಕೆಟ್ಟೋಗದೆ ಕಣಮ್ಮ” ಎಂದು ಅವ್ವ ರತ್ನಳಿಗೆ ಹೇಳಿ ಓಮದ ಕಷಾಯ ಕಾಯಿಸಿದಳು. ಅದನ್ನು ಮಾತ್ರ ಎಲ್ಲರಿಗಿಂತ ಮೊದಲು ನಾನೇ ಕುಡಿಯಬೇಕಾಯಿತು.

ಮೂರನೆಯ ದಿನ ರತ್ನಳ ಮುಖ ಬಾಡಿತ್ತು. “ನನ್ ಕೈ ಅಡ್ಗೆ ನಿಮ್ಗೆ ಸೇರಾಕಿಲ್ವಾ? ದಿಟ ಹೇಳ್ಬುಡಿ” ಎಂದಳು. ಕಣ್ಣು ತುಂಬಿತ್ತು. ಇರುವ ನಾಲ್ಕು ದಿನದ ರಜೆಯಲ್ಲಿ ಇವಳನ್ನು ಅಳಿಸಿದೆನಲ್ಲ ಎಂದು ನಾಚಿಕೆಯಾಗಿ, ಹಾಳೆ ತೆಗೆದು ಓದಿ, ಎಲ್ಲವನ್ನೂ ವಿವರಿಸಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು.

“ಅಲ್ಲಿ ನಿಮ್ಗೆಲ್ಲ ಬೇಯ್ಸಾಕೋನು ಯಾವಾಗ ಉಣ್ತಾನೆ?”

ಎಲ್ಲರಿಗಿಂತ ಕೊನೆ ಎಂದು ನಾನು ಬೀಗುತ್ತಾ ಉಣ್ಣುವಾಗ ಸೌಟು ಹಿಡಿದು ಒಬ್ಬ ನಿಂತಿರುತ್ತಿದ್ದ. ಅವನನ್ನು ‘ಉಂಡೆಯಾ’ ಎಂದು ನಾನು ಒಂದು ದಿನವೂ ಕೇಳಿದವನಲ್ಲ.

“ನೀವು ತಟ್ಟೆ ತೊಳ್ಯೋಗಂಟ ಹಸ್ಕೊಂಡೇ ನಿಂತಿರ್ತಾನೆ ಅನ್ನಿ, ನನ್ನಂಗೆ” ಎಂದು ರತ್ನ ನಕ್ಕೇಬಿಟ್ಟಳು. ಅವ್ವನಿಗೂ ನಗು ತಡೆಯಲಿಲ್ಲ. “ಮೂರು ತಟ್ಟೆನೂ ಒಟ್ಗೇ ಹಾಕಮ್ಮ, ಇವನ ಹಾಳೆ ಒಲೆಗಿಕ್ಕ” ಎಂದಳು. ನಮ್ಮ ಮನೆಯಲ್ಲಿ ಮೊದಲ ಸಲ ಮೂವರೂ ಒಟ್ಟಿಗೆ ಕುಳಿತು ಉಂಡೆವು. ಮುದ್ದೆ ಬೆರಳು ಸುಡುವಷ್ಟು ಬಿಸಿಯಾಗಿತ್ತು. ಅಂಥ ಊಟ ನಾನು ಮತ್ತೆ ಉಂಡಿಲ್ಲ.

ರಜೆ ಮುಗಿಸಿ ಹೋದವನು ಮೊದಲು ಅಡುಗೆಯವನನ್ನು ವಿಚಾರಿಸಿದೆ. ಅವನು ತಲೆ ಕೆರೆದುಕೊಂಡು, “ಹವಾಲ್ದಾರ್ ಸಾಬ್, ತಪ್ಪು ತಿಳಿಯಬೇಡಿ. ನಿಮ್ಮ ಒಂದು ತಟ್ಟೆಗಾಗಿ ದಿನಾ ಒಂದು ಗಂಟೆ ಒಲೆ ಕಾಯುತ್ತೇನೆ. ಬೇರೆ ಹವಾಲ್ದಾರರ ಅಡುಗೆಯವರು ಅಷ್ಟು ಹೊತ್ತಿಗೆ ಉಂಡು ಮಲಗಿರುತ್ತಾರೆ” ಎಂದ.

ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ. ‘ಜವಾನರೆಲ್ಲ ಉಂಡ ಮೇಲೆ, ಎಲ್ಲರಿಗಿಂತ ಕೊನೆಗೆ’ ಎಂಬುದನ್ನು ಹೊಡೆದುಹಾಕಿ, ‘ಅಡುಗೆಯವನು ಕರೆದ ಕೂಡಲೇ’ ಎಂದು ಅಂದೇ ತಿದ್ದಿದೆ. ಅದನ್ನು ಮಾತ್ರ ಯಾವ ಸಾಹೇಬರೂ ಎರಡು ಸಲ ಓದಿಸಲಿಲ್ಲ.